ಅಜ್ಜನ ಅಂಬಾಸಿಡರ್ ಇಂಜಿನ್: ಬಿಚ್ಚಿದ ದಿನದಿಂದ ಚಾಲೂ ಆಗುವವರೆಗೆ 64 ಫೋಟೊ, ತಪ್ಪುಗಳ ಸಮೇತ

ಅಡಿಕೆಕೊಟ್ಟಿಗೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜ 1968ರಲ್ಲಿ ತಂದ ಅಂಬಾಸಿಡರ್ ಮಾರ್ಕ್ 2 ಕಳೆದ ಭಾನುವಾರ ಬೆಳಿಗ್ಗೆ ಚಾಲೂ ಆಯಿತು. 1999ರಿಂದ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿ. ಇಂಜಿನ್ ಒಂದಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಎರಡು ಸಾವಿರಕ್ಕೂ ಜಾಸ್ತಿ ಫೋಟೊ ತೆಗೆದಿದ್ದೆ. ಅದರಲ್ಲಿ 64 ಆರಿಸಿ ಹಾಕಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಹೊಳೆಯುವ ಇಂಜಿನ್ ಫೋಟೊ ಇದರಲ್ಲಿ ಐದೇ ಇವೆ. ಉಳಿದದ್ದೆಲ್ಲ ಮಡ್ಡಿ, ತುಕ್ಕು, ಅಳತೆ. ಈ ಕೆಲಸಕ್ಕೆ ಕೈ ಹಾಕುವ ಮುಂಚೆ ನಾನು ತುಂಬಾ ಹುಡುಕಿದ್ದೆ. ಸಿಕ್ಕಿದ ಫೋಟೊಗಳಲ್ಲೆಲ್ಲ ರಾಕರ್ ಕವರ್‌ಗೆ (ಇಂಜಿನ್ ಮೇಲಿನ ಮುಚ್ಚಳ) ಕ್ರೋಮ್, ಪೈಪುಗಳಿಗೆ ಬಣ್ಣ. ಒಳಗೆ ಏನು ಮಾಡಿದರು, ಸಿಲಿಂಡರ್ ಎಷ್ಟು ಸವೆದಿತ್ತು, ಎಷ್ಟಕ್ಕೆ ಕೊರೆದರು ಅಂತ ಒಂದರಲ್ಲೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಹಾಗಾಗಿ ನನ್ನ ಹಾಗೆ ಹುಡುಕಿಕೊಂಡು ಬರುವವರಿಗೆ ಸಿಗಲಿ ಅಂತ ಇದನ್ನು ಹಾಕುತ್ತಿದ್ದೇನೆ.

ಫೋಟೊ 3: ಏರ್ ಫಿಲ್ಟರ್ ಒಳಗೆ ಇಲಿ ಗೂಡು. ಪೂರ್ತಿ ಅಡಿಕೆ ಸಿಪ್ಪೆಯಲ್ಲಿ ಕಟ್ಟಿತ್ತು.

ಫೋಟೊ 11: ಇಂಜಿನ್ ಜಾಮ್ ಆಗಿತ್ತು. ನಾಲ್ಕೂ ಪ್ಲಗ್ ತೆಗೆದು ಡೀಸೆಲ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬೆರೆಸಿ ಬಿಟ್ಟೆವು. ದಿನಾ ಸಂಜೆ ಹ್ಯಾಂಡಲ್ ಹಾಕಿ ಸ್ವಲ್ಪ ಅಲುಗಾಡಿಸಿ ನೋಡುವುದು, ಬಲ ಹಾಕದೆ. ಹತ್ತನೇ ದಿನ ಕಾಲು ಸುತ್ತು ತಿರುಗಿತು. ಆವತ್ತು ಅಪ್ಪ ಮನೆಯವರಿಗೆಲ್ಲ ಕಾಫಿ ತಾವೇ ಮಾಡಿದರು.

ಫೋಟೊ 17: ಬ್ಲಾಕಿನ ಡಮ್ಮಿ ಪ್ಲಗ್ ತೆಗೆದಾಗ ನೀರಿನ ದಾರಿಯಿಂದ ಬಂದ ಕೆಂಪು ಮಡ್ಡಿ. ಪಕ್ಕದಲ್ಲಿ ಇಟ್ಟಿರುವುದು ಒಂದು ಲೀಟರ್ ಚೊಂಬು. ಎರಡು ಸಲ ತುಂಬಿತು. ನಾಲ್ಕನೇ ಸಿಲಿಂಡರ್ ಸುತ್ತ ಜಾಸ್ತಿ ಕಟ್ಟಿಕೊಂಡಿತ್ತು.

ಫೋಟೊ 21: ಪಿಸ್ಟನ್ ತಲೆ ಉಜ್ಜಿದಾಗ ಕಂಡ '020' ಗುರುತು. ಅಂದರೆ ಈ ಇಂಜಿನ್ ಒಮ್ಮೆ ಬಿಚ್ಚಿ 20 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಕೊರೆದಾಗಿದೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅಪ್ಪನಿಗೆ ನೆನಪಾಯಿತು, 1983ರಲ್ಲಿ ಗಾಡಿ ಒಂದು ತಿಂಗಳು ಶಿವಮೊಗ್ಗದಲ್ಲಿ ಉಳಿದಿತ್ತಂತೆ.

ಫೋಟೊ 29ರಿಂದ 36: ಇದು ತಪ್ಪಿನ ಕಥೆ, ಸ್ವಲ್ಪ ವಿವರವಾಗಿ ಹೇಳಬೇಕು. 30 ಥೌಗೆ ಕೊರೆಸಬೇಕು ಅಂತ ಬ್ಲಾಕ್ ಕೊಟ್ಟೆ. ಅಂಗಡಿಯವರು ಕೊಟ್ಟಾಗ ನೋಡಲು ಕನ್ನಡಿ ಹಾಗಿತ್ತು. ನಮ್ಮ ಮೇಸ್ತ್ರಿ ಸಿಲಿಂಡರ್ ಅಗಲ ಅಳೆಯುವ ಬೋರ್ ಗೇಜ್ ಇಳಿಸಿ ನೋಡಿದರು. ಮೂರನೇ ಸಿಲಿಂಡರ್ ಮೇಲಿಗಿಂತ ಕೆಳಗೆ 3 ಥೌ ದೊಡ್ಡದು. ಅಷ್ಟು ವ್ಯತ್ಯಾಸ ಇಟ್ಟುಕೊಂಡು ಪಿಸ್ಟನ್ ಹಾಕುವ ಹಾಗಿಲ್ಲ. ಬೇರೆ ಕಡೆ ತೆಗೆದುಕೊಂಡು ಹೋಗಿ ನಾಲ್ಕನ್ನೂ 40 ಥೌಗೆ ಕೊರೆಸಿದೆವು. ಎರಡೂ ಸಲದ ಗೇಜ್ ಫೋಟೊ ಇವೆ, ಮುಳ್ಳು ಕಾಣುವ ಹಾಗೆ.

ಫೋಟೊ 60ರಿಂದ 64 ಕೊನೆಯ ಐದು. ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಮುಖ ಬೇಡ ಅಂದರು, ಕೈ ತೆಗೆಯಲು ಒಪ್ಪಿದರು. 47ನೇ ಫೋಟೊ ಅವರ ಕೈ, ಮೂರನೇ ಪಿಸ್ಟನ್ ಇಳಿಸುತ್ತಿರುವಾಗ. ಈ 64ರಲ್ಲಿ ನನಗೆ ಅತಿ ಇಷ್ಟವಾದದ್ದು ಅದು.

ಕೇಳುವುದಿದ್ದರೆ ಕೇಳಿ. ಗೊತ್ತಿದ್ದದ್ದು ಹೇಳುತ್ತೇನೆ.

ಹುಬ್ಬಳ್ಳಿ ಗ್ಯಾರೇಜ್

ಮಸ್ತ್ ಬಂದಿದೆ ರೀ. 29ರಿಂದ 36 ನೋಡಿ ಎದ್ದು ಕೂತೆ. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗಿರಾಕಿಗಳು ಬರೀ ಹೊಳಪು ನೋಡಿ ದುಡ್ಡು ಕೊಡುತ್ತಾರೆ. ಗೇಜ್ ಇಳಿಸಿ ತೋರಿಸಿ ಅಂತ ಕೇಳಿದವರು ಬೆರಳೆಣಿಕೆ. ಕೇಳಬೇಕು ರೀ. ಕೇಳಿದರೆ ನಮಗೂ ಕೆಲಸ ಹುಷಾರಾಗಿ ಮಾಡಬೇಕು ಅನ್ನಿಸುತ್ತದೆ.

ಒಂದು ಪ್ರಶ್ನೆ. 40 ಥೌ ಆದಮೇಲೆ ಮುಂದೇನು ಅಂತ ವಿಚಾರ ಮಾಡಿದ್ದೀರಾ?

ಅಡಿಕೆಕೊಟ್ಟಿಗೆ

ಮುಂದೆ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ ಮತ್ತೆ ಮೊದಲಿನ ಅಳತೆಗೆ ತರಬೇಕು. ಆ ಮೂರನೇ ಸಿಲಿಂಡರ್ ಸರಿಯಾಗಿ ಕೊರೆದಿದ್ದರೆ ಈ ಬ್ಲಾಕಿಗೆ ಇನ್ನೊಂದು ಸುತ್ತು ಆಯುಷ್ಯ ಉಳಿಯುತ್ತಿತ್ತು. ಅದೇ ಬೇಜಾರು.

ಚಾಮರಾಜಪುರ 1100

ಯಾವ ಅಂಗಡಿ ಅಂತ ಹೆಸರು ಹಾಕಿ ಸಾರ್. ನಾವೂ ಹೋಗುವುದು ತಪ್ಪುತ್ತದೆ.

ಅಡಿಕೆಕೊಟ್ಟಿಗೆ

ಬೇಡ ಸಾರ್. ಅವರು ತಪ್ಪು ಒಪ್ಪಿಕೊಂಡು ಕೂಲಿ ವಾಪಸ್ ಕೊಟ್ಟರು. ನನ್ನ ಪಾಲಿನ ತಪ್ಪೂ ಇದೆ. ಪಿಸ್ಟನ್ ತಂದು ಕೈಗೆ ಕೊಡದೆ ಬರೀ 'ಮೂವತ್ತಕ್ಕೆ ಕೊರೆಯಿರಿ' ಅಂತ ಬಾಯಲ್ಲಿ ಹೇಳಿ ಬಂದಿದ್ದೆ. ಪಿಸ್ಟನ್ ಮುಂದಿದ್ದರೆ ಅದನ್ನು ಅಳೆದು, ಅದಕ್ಕೆ ಬೇಕಾದ ಸಂದು ಬಿಟ್ಟು ಕೊರೆಯುತ್ತಾರೆ. ಎರಡನೇ ಕಡೆ ಹಾಗೇ ಮಾಡಿದೆ. ಯಾವ ಅಂಗಡಿಗೆ ಹೋದರೂ ಪಿಸ್ಟನ್ ಜೊತೆಗೆ ಕೊಡಿ. ಬ್ಲಾಕ್ ವಾಪಸ್ ತೆಗೆದುಕೊಳ್ಳುವಾಗ ಪ್ರತಿ ಸಿಲಿಂಡರ್ ಮೇಲೆ, ನಡುವೆ, ಕೆಳಗೆ ಅಳೆಸಿ. ಅಡ್ಡ ಒಂದು ಸಲ, ಉದ್ದ ಒಂದು ಸಲ. ಒಟ್ಟು 24 ಅಳತೆ. ಅಲ್ಲೇ ನಿಂತು ಬರೆದುಕೊಳ್ಳಿ.

ಲೇತ್ ಮೇಷ್ಟ್ರು (ದಾವಣಗೆರೆ)

ಐಟಿಐಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಿಯಾದವನು ನಾನು. ಈ 24 ಅಳತೆಯ ಮಾತು ಓದಿ ಕಣ್ಣು ತುಂಬಿತು. ಹುಡುಗರಿಗೆ ಎಷ್ಟು ಸಲ ಹೇಳಿದ್ದೆನೋ.

ಲೆಕ್ಕ ಇಷ್ಟಪಡುವವರಿಗೆ ಒಂದು ಮಾತು. ಈ ಇಂಜಿನ್ನಿನ ಮೂಲ ಬೋರ್ (ಸಿಲಿಂಡರ್ ಒಳ ಅಗಲ) 73.025 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿಲಿಮೀಟರ್. ನಾಲ್ಕು ಸಿಲಿಂಡರ್ ಸೇರಿ 1489 ಸಿಸಿ. 40 ಥೌ ಅಂದರೆ ಒಂದು ಇಂಚಿನ ಸಾವಿರದಲ್ಲಿ 40 ಭಾಗ, ಅಂದರೆ 1.016 ಮಿಲಿಮೀಟರ್. ಬೋರ್ 74.041 ಆಯಿತು. ಈಗ ನಿಮ್ಮ ಅಜ್ಜನ ಗಾಡಿ ಸುಮಾರು 1531 ಸಿಸಿ.

ಇದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ ಸೀರೀಸ್ ಇಂಜಿನ್. ಸ್ಟ್ರೋಕ್ ಬೋರಿಗಿಂತ ಉದ್ದ. ಅದಕ್ಕೇ ಕಡಿಮೆ ಸುತ್ತಿನಲ್ಲೇ ಎಳೆತ ಚೆನ್ನಾಗಿರುತ್ತದೆ. ಐದಾರು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಹಾಕಿಕೊಂಡು ಘಟ್ಟ ಹತ್ತಿದ ಗಾಡಿಗಳಿವು. ಆದರೆ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಜಾಸ್ತಿ ಸುತ್ತಿಗೆ ಓಡಿಸಿ ಹಿಂಸೆ ಕೊಡಬೇಡಿ.

ಫೋಟೊ 38ರಲ್ಲಿ ಹೆಡ್ ತಿರುಗಿಸಿ ಇಟ್ಟಿದ್ದೀರಲ್ಲ, ಅದರಲ್ಲಿ ಹೃದಯದ ಆಕಾರದ ಗುಂಡಿ ಕಾಣುತ್ತದೆ ನೋಡಿ. ಹ್ಯಾರಿ ವೆಸ್ಲೇಕ್ ಅನ್ನುವ ಇಂಗ್ಲೆಂಡಿನ ಎಂಜಿನಿಯರ್ ರೂಪಿಸಿದ ಆಕಾರ ಅದು. ಪೆಟ್ರೋಲ್ ಗಾಳಿ ಒಳಗೆ ಸುಳಿ ತಿರುಗಿ ಚೆನ್ನಾಗಿ ಉರಿಯಲಿ ಅಂತ. ಪಾಠ ಮಾಡುವವರಿಗೆ ಈ ಒಂದು ಫೋಟೊ ಸಾಕು. ಅನುಮತಿ ಕೊಟ್ಟರೆ ನಮ್ಮ ಹಳೇ ಐಟಿಐಯ ಗೋಡೆಗೆ ಹಾಕಿಸುತ್ತೇನೆ.

ಅಡಿಕೆಕೊಟ್ಟಿಗೆ

ಮೇಷ್ಟ್ರೇ, ಖಂಡಿತ ಹಾಕಿಸಿ. ದೊಡ್ಡ ಫೈಲ್ ಕಳಿಸುತ್ತೇನೆ. ಮೊಬೈಲ್ ಮೆಸೇಜಿನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸುತ್ತೇನೆ.

ಚಾಮರಾಜಪುರ 1100

ಒಳ್ಳೆ ಕೆಲಸ. ಆದರೆ ನನ್ನ ಅನಿಸಿಕೆ ಬೇರೆ. 64 ಫೋಟೊ ಯಾರು ನೋಡುತ್ತಾರೆ? ನನ್ನ ಫಿಯೆಟ್ 1100 ಇಂಜಿನ್ ಮುಗಿದಾಗ ಮೂರು ಫೋಟೊ ಹಾಕಿದೆ. ನೋಡಿ ಖುಷಿಪಟ್ಟು ಹತ್ತು ಜನ ತಮ್ಮ ಗಾಡಿ ಹೊರಗೆ ತೆಗೆದರು. ಮಡ್ಡಿ ತೋರಿಸಿದರೆ ಹೊಸಬರು ಹೆದರಿ ಗಾಡಿಯನ್ನು ಗುಜರಿಗೆ ಹಾಕುತ್ತಾರೆ. ಚಂದ ಕಂಡರೆ ತಾನೇ ಆಸೆ ಹುಟ್ಟುವುದು?

ಬೆಳಗಿನ ಬೆಳಕು (ಮೈಸೂರು)

ಚಾಮರಾಜಪುರ ಸಾರ್, ನಾನು ಫೋಟೊ ತೆಗೆಯುವ ಕೆಲಸದವಳು. ಮದುವೆ ಮನೆಗಳಲ್ಲಿ ಜಾಸ್ತಿ. ಚಂದದ ಫೋಟೊ ಆಸೆ ಹುಟ್ಟಿಸುತ್ತದೆ ಅನ್ನುವುದು ನಿಜ. ಆದರೆ ಫೋಟೊ 17ರ ಆ ಕೆಂಪು ಮಡ್ಡಿ ನೋಡಿದ ಮೇಲೆ ಫೋಟೊ 62 ನೋಡಿ. ಅದೇ ಬ್ಲಾಕ್, ಅದೇ ಕೋನ. ಮೊದಲನೆಯದು ಇಲ್ಲದೆ ಎರಡನೆಯದಕ್ಕೆ ಆ ಬೆಲೆ ಬರುತ್ತಿರಲಿಲ್ಲ.

ಅಡಿಕೆಕೊಟ್ಟಿಗೆಯವರೇ, 62ಕ್ಕೆ ಬೆಳಕು ಹೇಗೆ ಮಾಡಿದಿರಿ? ಬಾನೆಟ್ ಒಳಗೆ ಯಾವಾಗಲೂ ಕತ್ತಲು. ಫ್ಲ್ಯಾಶ್ ಹಾಕಿದರೆ ರಾಕರ್ ಕವರ್ ಮೇಲೆ ಬಿಳಿ ಕಲೆ ಬೀಳುತ್ತದೆ. ನಿಮ್ಮದರಲ್ಲಿ ಒಂದೂ ಇಲ್ಲ.

ಅಡಿಕೆಕೊಟ್ಟಿಗೆ

ಮೇಡಂ, ಅಪ್ಪನ ಬಿಳಿ ಪಂಚೆ. ಬೆಳಿಗ್ಗೆ ಎಂಟರ ಹೊತ್ತಿಗೆ ಗಾಡಿಯನ್ನು ಕೊಟ್ಟಿಗೆ ಬಾಗಿಲ ತನಕ ತಳ್ಳಿದೆವು. ಬಿಸಿಲು ನೇರ ಇಂಜಿನ್ ಮೇಲೆ ಬೀಳಬಾರದು, ಮುಂದಿನ ಅಂಗಳದ ಮೇಲೆ ಬೀಳಬೇಕು. ಅಂಗಳದಲ್ಲಿ ಇಬ್ಬರು ಪಂಚೆ ಬಿಡಿಸಿ ಹಿಡಿದರು. ಬೆಳಕು ಅದಕ್ಕೆ ಬಡಿದು ಮೆತ್ತಗಾಗಿ ಒಳಗೆ ಬಂತು. ಟ್ಯೂಬ್‌ಲೈಟ್ ಆರಿಸಿದ್ದೆ. ಅದು ಇದ್ದರೆ ಬಣ್ಣ ನೀಲಿಗೆ ತಿರುಗುತ್ತಿತ್ತು.

ಬೆಳಗಿನ ಬೆಳಕು

ಪಂಚೆ! ನಾವು ಸ್ಟುಡಿಯೊದಲ್ಲಿ ಇದಕ್ಕೇ ಅಂತ ದುಡ್ಡು ಕೊಟ್ಟು ಬಟ್ಟೆ ತರುತ್ತೇವೆ. ಇನ್ನೊಂದು ಸೇರಿಸುತ್ತೇನೆ. ಭಾಗಗಳನ್ನು ಬಿಡಿಯಾಗಿ ತೆಗೆಯುವಾಗ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಡಿ. ನಾಣ್ಯ ಬೇಡ, ಅವುಗಳ ಗಾತ್ರ ಬದಲಾಗುತ್ತಾ ಬಂದಿದೆ. ಒಂದು ಬಿಳಿ ಕಾಗದವೂ ಫ್ರೇಮಿನ ಮೂಲೆಯಲ್ಲಿರಲಿ. ಆಮೇಲೆ ಬಣ್ಣ ಸರಿ ಮಾಡಿಕೊಳ್ಳಲು ಅದೇ ಆಧಾರ. ಇಂಜಿನ್ ಬಣ್ಣದ ಬಗ್ಗೆ ಜನ ವಾದ ಮಾಡುತ್ತಾರೆ ಅಂದರೆ ಇದು ಇನ್ನೂ ಮುಖ್ಯ ಅಲ್ವಾ?

ಕುಡ್ಲ ಕಾರ್ಬೊರೇಟರ್ (ಮಂಗಳೂರು)

ಬಣ್ಣದ ಮಾತು ಬಂತು ಮಾರಾಯ್ರೆ, ಕೇಳಲೇಬೇಕು. ಆ ಮಾಸಲು ಹಸಿರು ಎಲ್ಲಿಂದ ಹಿಡಿದಿರಿ? ನಾನು ನೋಡಿದ ಅಂಬಾಸಿಡರ್ ಇಂಜಿನ್‌ಗಳು ಒಂದೊಂದು ಒಂದೊಂದು ಬಣ್ಣ. ಕಪ್ಪು, ಬೂದಿ, ಕೆಲವಕ್ಕೆ ಬೆಳ್ಳಿ ಬಣ್ಣ ಬಳಿದುಬಿಟ್ಟಿದ್ದಾರೆ.

ಅಡಿಕೆಕೊಟ್ಟಿಗೆ

ಡೈನಮೊ ಬ್ರಾಕೆಟ್ ಬಿಚ್ಚಿದಾಗ ಅದರ ಅಡಿಯಲ್ಲಿ ಉಗುರಗಲ ಹಳೇ ಬಣ್ಣ ಉಳಿದಿತ್ತು. ಎಣ್ಣೆ ಮುಟ್ಟದ, ಬಿಸಿಲು ಕಾಣದ ಜಾಗ. ಫೋಟೊ 14 ಅದು. ಪೇಂಟ್ ಅಂಗಡಿಗೆ ಬ್ಲಾಕನ್ನೇ ತೆಗೆದುಕೊಂಡು ಹೋಗಿ ಬಣ್ಣ ಕೂಡಿಸಿದೆ. ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಇದು, ಅಷ್ಟೇ. ಎಲ್ಲ ಗಾಡಿಗೂ ಇದೇ ಅಂತ ನಾನು ಹೇಳುವುದಿಲ್ಲ. ನಿಮ್ಮ ಗಾಡಿಯ ಬ್ರಾಕೆಟ್ ಅಡಿ, ಮೌಂಟಿಂಗ್ ಅಡಿ ನೋಡಿ. ಉಜ್ಜುವ ಮುಂಚೆ ಫೋಟೊ ತೆಗೆಯಿರಿ. ಉಜ್ಜಿದರೆ ಹೋಯಿತು, ಮತ್ತೆ ಸಿಗುವುದಿಲ್ಲ.

ಕುಡ್ಲ ಕಾರ್ಬೊರೇಟರ್

ಹೌದು, ಈ ತರಹ ಕಾರಣ ಹೇಳಿ ಬಣ್ಣ ತೋರಿಸಿದವರು ಕಡಿಮೆ. ಸಂತೋಷ ಆಯಿತು.

ಈಗ ನನ್ನ ಹಳೇ ಚಿಂತೆ, ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ್ದು. ನಮ್ಮ ಗಾಡಿಗಳ ಹಳೇ ರಬ್ಬರ್ ಪೈಪು, ಪಂಪಿನ ಪೊರೆ, ಕಾರ್ಕ್ ಗ್ಯಾಸ್ಕೆಟ್ ಇವು ಯಾವುವೂ ಅದಕ್ಕೆ ಮಾಡಿದ್ದಲ್ಲ. ಪೈಪು ಮೆತ್ತಗಾಗಿ ಒಳಗಿಂದ ಚೂರು ಬಿಡುತ್ತದೆ. ಇನ್ನೊಂದು ತೊಂದರೆ, ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಹವೆ ಹೇಗೆ ಅಂತ ಗೊತ್ತಲ್ಲ. ಎರಡು ತಿಂಗಳು ನಿಲ್ಲಿಸಿದ ಗಾಡಿಯ ಫ್ಲೋಟ್ ಬೌಲ್ ಬಿಚ್ಚಿದರೆ ಬಿಳಿ ಪುಡಿ ಸಿಗುತ್ತದೆ. ನೀವು ಏನು ಮಾಡಿದಿರಿ?

ಅಡಿಕೆಕೊಟ್ಟಿಗೆ

ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ಎಲ್ಲ ರಬ್ಬರ್ ಪೈಪು ಬದಲಾಯಿಸಿದೆ. ವೈಟನ್ ರಬ್ಬರ್ ತಂದೆ. ಸಾದಾ ಪೈಪಿಗಿಂತ ದುಬಾರಿ, ಆದರೆ ಎಥನಾಲಿಗೆ ತಡೆಯುತ್ತದೆ. ಪಂಪಿಗೆ ಹೊಸ ಪೊರೆ. ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಟ್ಯಾಂಕಿನಿಂದ ಬರುವ ಪೆಟ್ರೋಲ್ ನಿಲ್ಲಿಸಿ, ಇಂಜಿನ್ ತಾನೇ ನಿಲ್ಲುವ ತನಕ ಓಡಿಸಿ ಬೌಲ್ ಖಾಲಿ ಮಾಡುತ್ತೇನೆ.

ನಮ್ಮದು ಎಸ್‌ಯು ಕಂಪನಿಯ ಕಾರ್ಬೊರೇಟರ್. ಬಟರ್‌ಫ್ಲೈ ತಿರುಗುವ ಸ್ಪಿಂಡಲ್ ಸವೆದಿತ್ತು. ಅಲ್ಲಿಂದ ಗಾಳಿ ಸೇರಿದರೆ ಇಂಜಿನ್ ಒಂದೇ ಸಮ ಓಡುವುದಿಲ್ಲ. ಹೊಸ ಸ್ಪಿಂಡಲ್, ಬುಶ್ ಹಾಕಿಸಿದೆ. ಫೋಟೊ 51, 52. ಮೇಲಿನ ಗುಮ್ಮಟದ ಎಣ್ಣೆ ನೋಡುವುದನ್ನು ಮರೆಯಬೇಡಿ. ಅದು ಖಾಲಿಯಿದ್ದರೆ ಕಾಲು ಕೊಟ್ಟಾಗ ಇಂಜಿನ್ ಮುಗ್ಗರಿಸುತ್ತದೆ. ಜನ ಪಾಪ ಇಗ್ನಿಷನ್ನಿನಲ್ಲಿ ತಪ್ಪು ಹುಡುಕುತ್ತಾರೆ.

ಲೇತ್ ಮೇಷ್ಟ್ರು

ಪೆಟ್ರೋಲಿನ ಮಾತಿಗೆ ಸೇರಿಸಬೇಕಾದದ್ದು ಒಂದಿದೆ. ದೇಶದಲ್ಲೆಲ್ಲ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ನಿಮ್ಮ ಗಾಡಿ ಅದಕ್ಕೂ ಮುಂಚೆ ನಿಂತಿದೆ. ಸೀಸ ಉಸಿರಾಟಕ್ಕೆ ವಿಷ, ಹೋದದ್ದು ಒಳ್ಳೆಯದೇ. ಆದರೆ ಅದು ಎಕ್ಸಾಸ್ಟ್ ವಾಲ್ವಿಗೂ ಸೀಟಿಗೂ (ವಾಲ್ವ್ ಮುಚ್ಚಿ ಕೂರುವ ಜಾಗ) ನಡುವೆ ತೆಳ್ಳಗೆ ಕೂತು ಕಾಪಾಡುತ್ತಿತ್ತು. ಬಿ ಸೀರೀಸಿನಲ್ಲಿ ಸೀಟನ್ನು ಎರಕದ ಹೆಡ್ಡಿನಲ್ಲೇ ಕೊರೆದಿರುತ್ತಾರೆ. ಸೀಸ ಇಲ್ಲದೆ ಜೋರಾಗಿ ಓಡಿಸಿದರೆ ಸೀಟ್ ಸವೆದು ವಾಲ್ವ್ ಮೇಲಕ್ಕೆ ಹೋಗುತ್ತಾ ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಜಾಗ) ಮುಚ್ಚಿಕೊಳ್ಳುತ್ತದೆ. ಗಟ್ಟಿ ಸೀಟ್ ಕೂರಿಸಿದಿರಾ?

ಚಾಮರಾಜಪುರದವರಿಗೆ ಈ ಚಿಂತೆ ಇಲ್ಲ. ಫಿಯೆಟ್ 1100ರ ಹೆಡ್ ಅಲ್ಯೂಮಿನಿಯಂ. ಅದಕ್ಕೆ ಮೊದಲಿನಿಂದಲೂ ಬೇರೆ ಸೀಟ್ ಕೂರಿಸಲೇಬೇಕು. ಅವರಿಗೆ ಬೇರೆ ಚಿಂತೆ, ಕಾದರೆ ಹೆಡ್ ಸೊಟ್ಟಗಾಗುತ್ತದೆ.

ಅಡಿಕೆಕೊಟ್ಟಿಗೆ

ನಾಲ್ಕು ಎಕ್ಸಾಸ್ಟಿಗೂ ಗಟ್ಟಿ ಸೀಟ್ ಹಾಕಿಸಿದ್ದೇನೆ ಮೇಷ್ಟ್ರೇ. ಫೋಟೊ 40. ಇನ್‌ಟೇಕ್ ಹಾಗೇ ಬಿಟ್ಟೆವು, ಅದಕ್ಕೆ ಅಷ್ಟು ಕಾವು ಇರುವುದಿಲ್ಲ ಅಂತ ಮೇಸ್ತ್ರಿ ಹೇಳಿದರು.

ಚಾಮರಾಜಪುರ 1100

ಮೇಷ್ಟ್ರು ಹೇಳಿದ್ದು ಸರಿ. ನನ್ನ ಹೆಡ್ ಸೊಟ್ಟಗಾಗಿತ್ತು, ಎರಡು ಸಲ ತೀಡಿಸಿದ್ದೇನೆ. ಆ ಫೋಟೊ ನನ್ನ ಹತ್ತಿರ ಇವೆ. ನೆಟ್ಟಗಿರುವ ಸ್ಕೇಲ್ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದ್ದು. ಯಾರಿಗೆ ಬೇಕು ಅಂತ ಹಾಕಿರಲಿಲ್ಲ. ಈ ಮಾತುಕತೆ ಓದಿದ ಮೇಲೆ ಹಾಕಬೇಕು ಅನ್ನಿಸುತ್ತಿದೆ. ರಾತ್ರಿ ಹುಡುಕಿ ಹಾಕುತ್ತೇನೆ.

ಕೌಲಿ ಕನ್ನಡತಿ (ಆಕ್ಸ್‌ಫರ್ಡ್)

ಎಲ್ಲರಿಗೂ ನಮಸ್ಕಾರ. ಹಾಸನದವಳು, ಈಗ ಹನ್ನೊಂದು ವರ್ಷದಿಂದ ಆಕ್ಸ್‌ಫರ್ಡಿನಲ್ಲಿದ್ದೇನೆ. ಮನೆ ಇರುವುದು ಕೌಲಿಯಲ್ಲಿ. ಅಂಬಾಸಿಡರ್‌ಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ತಯಾರಾದದ್ದು ಇದೇ ಊರಿನಲ್ಲಿ. ಈಗ ಕೌಲಿಯಲ್ಲಿ ಮಿನಿ ಕಾರು ಮಾಡುತ್ತಾರೆ. ಇಲ್ಲಿಯವರು ಆಕ್ಸ್‌ಫರ್ಡ್ ನಿಲ್ಲಿಸಿ ಮುಂದೆ ಹೋದರು. ಅತ್ತ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1957ರಲ್ಲಿ ಶುರುವಾದದ್ದು 2014ರ ತನಕ ನಡೆಯಿತು. ಇಲ್ಲಿನ ಹಿರಿಯರಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಒಂದು ಉಪಯೋಗದ ಮಾತು. ಇದೇ 1489 ಸಿಸಿ ಬಿ ಸೀರೀಸ್ ಎಂಜಿ ಕಂಪನಿಯ ಎಂಜಿಎ 1500 ಕಾರಿನಲ್ಲೂ ಇತ್ತು. ಆ ಕಾರನ್ನು ಇಟ್ಟುಕೊಂಡವರು ಇಲ್ಲಿ ತುಂಬಾ ಜನ. ಹಾಗಾಗಿ ಬೇರಿಂಗ್ ಶೆಲ್, ಗ್ಯಾಸ್ಕೆಟ್, ರಿಂಗ್ ಇಂಥವು ಇಲ್ಲಿ ಇವತ್ತಿಗೂ ಹೊಸದು ಸಿಗುತ್ತವೆ. ಎಲ್ಲವೂ ಕೂರುತ್ತದೆ ಅಂತಲ್ಲ. ಹಳೆಯದನ್ನು ಅಳೆದು, ಫೋಟೊ ಹೋಲಿಸಿ ನೋಡಿಯೇ ತರಿಸಬೇಕು. ಅದಕ್ಕೇ ಅಳತೆ ತೋರಿಸಿ ತೆಗೆದ ನಿಮ್ಮ ಫೋಟೊಗಳು ನನಗೆ ಇಷ್ಟವಾದವು. ಕಳೆದ ಬೇಸಿಗೆಯಲ್ಲಿ ಹಾಸನಕ್ಕೆ ಬಂದಾಗ ಮಾವನ ಗಾಡಿಗೆ ಅಂತ ಟೈಮಿಂಗ್ ಚೈನ್ ತಂದಿದ್ದೆ. ಬರೀ ಹೆಸರು ನೋಡಿ ತಂದದ್ದು ಕೂರಲಿಲ್ಲ. ಇಂಥ ಒಂದು ಫೋಟೊ ಇದ್ದಿದ್ದರೆ ಆ ತೊಂದರೆ ಆಗುತ್ತಿರಲಿಲ್ಲ.

ಅಡಿಕೆಕೊಟ್ಟಿಗೆ

ಅಕ್ಕ, ಎಷ್ಟು ದೂರದಿಂದ ಬರೆದಿದ್ದೀರಿ! ನನ್ನ ಬೇರಿಂಗ್ ಶೆಲ್ ಸಿಕ್ಕಿದ್ದು ಚೆನ್ನೈನ ಪುದುಪೇಟೆಯಲ್ಲಿ, ಹಳೇ ಸ್ಟಾಕ್, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ತಿರುಗಿದ್ದೆ, ಗ್ಯಾಸ್ಕೆಟ್ ಸೆಟ್ ಅಲ್ಲೇ ಸಿಕ್ಕಿತು. ಶಿವಾಜಿನಗರದಲ್ಲಿ ರಾಕರ್ ಶಾಫ್ಟ್. ಅಂಗಡಿಯವರಿಗೆ ಬಾಯಲ್ಲಿ ವರ್ಣಿಸಿದರೆ ತಲೆ ಆಡಿಸುತ್ತಾರೆ. ಮೊಬೈಲಿನಲ್ಲಿ ಫೋಟೊ ತೋರಿಸಿದ ತಕ್ಷಣ ಎದ್ದು ಅಟ್ಟ ಹತ್ತುತ್ತಾರೆ.

ಹುಬ್ಬಳ್ಳಿ ಗ್ಯಾರೇಜ್

ಒಂದು ಹುಷಾರಿನ ಮಾತು ರೀ. ಫೋಟೊ 9ರಲ್ಲಿ ಇಂಜಿನ್ ನಂಬರ್ ಪೂರ್ತಿ ಕಾಣುತ್ತಿದೆ. ಫೋಟೊ 2ರಲ್ಲಿ ಗಾಡಿ ನಂಬರ್ ಕೂಡ. ಎರಡೂ ಸೇರಿಸಿಕೊಂಡು ಕಳ್ಳ ಕಾಗದ ಮಾಡುವವರಿದ್ದಾರೆ. ಇವತ್ತೇ ಮುಚ್ಚಿ.

ಅಡಿಕೆಕೊಟ್ಟಿಗೆ

ತುಂಬಾ ಧನ್ಯವಾದ. ಗಮನಿಸಿರಲಿಲ್ಲ. ಎರಡನ್ನೂ ತೆಗೆದು, ನಂಬರ್ ಮುಚ್ಚಿ ಮತ್ತೆ ಹಾಕಿದ್ದೇನೆ. ಫೋಟೊ ಜೊತೆ ಜಾಗದ ಗುರುತು ಸೇರಿಕೊಳ್ಳುವುದನ್ನೂ ಮೊಬೈಲಿನಲ್ಲಿ ಆರಿಸಿದೆ. ಎಂವೈ ಅಂತ ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರ್ ನಮ್ಮದು. ತೋರಿಸಬೇಕು ಅಂತ ಆಸೆ ಇತ್ತು. ಆ ಎರಡು ಅಕ್ಷರ ಮಾತ್ರ ಉಳಿಸಿದ್ದೇನೆ.

ಬೆಳಗಿನ ಬೆಳಕು

ಮುಚ್ಚಿದ್ದು ಒಳ್ಳೆಯದಾಯಿತು. ಆದರೆ ಮುಚ್ಚದ ಮೂಲ ಫೋಟೊ ಅಳಿಸಬೇಡಿ. ನಿಮಗೆ ಮುಂದೆ ಬೇಕಾಗುತ್ತದೆ ಅನ್ನಿಸುತ್ತದೆ.

ಹುಬ್ಬಳ್ಳಿ ಗ್ಯಾರೇಜ್

ಬೇಕೇ ಬೇಕು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ಕೇಂದ್ರದ ನಿಯಮ ಬಂದಿದೆ. ಹೊಸದಾಗಿ ಮಾಡಿಸಿದರೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮೊದಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು. ನೋಂದಣಿ ಆದಮೇಲೆ ದಿನಾ ಓಡಾಡಲು ಬಳಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಹಾಗಾಗಿ ಯೋಚಿಸಿ ತೀರ್ಮಾನ ಮಾಡಿ. ಇಂಜಿನ್ ಮೂಲದ್ದೇ ಅಂತ ತೋರಿಸಲು ನಿಮ್ಮ ಈ ಫೋಟೊಗಳಿಗಿಂತ ಒಳ್ಳೆಯದು ಯಾವುದಿದೆ?

ಅಡಿಕೆಕೊಟ್ಟಿಗೆ

ಅಪ್ಪನಿಗೆ ವಾರಕ್ಕೊಮ್ಮೆ ಸಂತೆಗೆ ಹೋಗಬೇಕು ಅಂತ ಆಸೆ. ಹಾಗಾಗಿ ಸದ್ಯಕ್ಕೆ ಈಗಿರುವ ಕಾಗದವನ್ನೇ ನವೀಕರಿಸಿಕೊಂಡು ಹೋಗುತ್ತೇವೆ.

ಚಾಮರಾಜಪುರ 1100

ಹೇಳಿದ ಹಾಗೆ ಹೆಡ್ ಫೋಟೊ ಹಾಕಿದ್ದೇನೆ, ಆರು ಇವೆ. ಸ್ಕೇಲ್ ಕೆಳಗೆ ನಡುವಿನಲ್ಲಿ 6 ಥೌ ತೂರುತ್ತದೆ ನೋಡಿ. ಮೊದಲ ಸಲ ತೀಡಿಸಿದಾಗ ಬೋಲ್ಟ್ ಬಿಗಿದ ಕ್ರಮ ತಪ್ಪಿತ್ತು, ಅದಕ್ಕೇ ಎರಡನೇ ಸಲ. ನಡುವಿನಿಂದ ಶುರು ಮಾಡಿ ಹೊರಗೆ ಹೋಗಬೇಕು, ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ. ಈ ಫೋಟೊ ಹಾಕಲು ನಾಚಿಕೆ ಇತ್ತು. ಈಗ ಇಲ್ಲ.

ಇನ್ನೊಂದು ಕೆಟ್ಟ ಸುದ್ದಿ. ಅಡಿಕೆಕೊಟ್ಟಿಗೆಯವರೇ, ನಿಮ್ಮ 62ನೇ ಫೋಟೊ ಒಂದು ಹಳೇ ಕಾರು ಮಾರುವ ಜಾಹೀರಾತಿನಲ್ಲಿ ನೋಡಿದೆ. 'ಇಂಜಿನ್ ಹೊಸದಾಗಿ ಕಟ್ಟಿದೆ' ಅಂತ ಬರೆದಿದ್ದಾರೆ. ಗಾಡಿ ಬೇರೆಯೇ.

ಅಡಿಕೆಕೊಟ್ಟಿಗೆ

ನೋಡಿದೆ. ತುಂಬಾ ನೋವಾಯಿತು. ಫೋಟೊ ಹೋದದ್ದಕ್ಕಲ್ಲ. ಅದನ್ನು ನಂಬಿ ಯಾರೋ ದುಡ್ಡು ಕೊಟ್ಟು ಮೋಸ ಹೋಗುತ್ತಾರಲ್ಲ ಅಂತ. ಜಾಹೀರಾತು ನಡೆಸುವವರಿಗೆ ದೂರು ಬರೆದಿದ್ದೇನೆ.

ಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ಹೊಳೆಯುವ ಒಂದು ಫೋಟೊ ನೋಡಿ ನಂಬಬೇಡಿ. ಬಿಚ್ಚಿದ್ದಾಗಿನ ಫೋಟೊ ಕೇಳಿ. ಗೇಜ್ ಮುಳ್ಳಿನ ಫೋಟೊ ಕೇಳಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಬರುವ ಒತ್ತಡ) ನಿಮ್ಮ ಮುಂದೆ ಅಳೆಯಲು ಹೇಳಿ. ನಮ್ಮದು ಕ್ರಮವಾಗಿ 120, 125, 120, 122 ಪಿಎಸ್‌ಐ ಬಂತು. ಫೋಟೊ 58, 59. ನಾಲ್ಕೂ ಹತ್ತಿರ ಹತ್ತಿರ ಇರುವುದು ಮುಖ್ಯ. ನಿಜವಾಗಿ ಕೆಲಸ ಮಾಡಿದವರ ಹತ್ತಿರ ಇವೆಲ್ಲ ಇದ್ದೇ ಇರುತ್ತವೆ.

ಬೆಳಗಿನ ಬೆಳಕು

ಫೋಟೊ ಮೇಲೆ ಅಕ್ಷರ ಒತ್ತಿದರೆ ಕತ್ತರಿಸಿಬಿಡುತ್ತಾರೆ. ಮುಂದಿನ ಸಲ ಒಂದು ಚೀಟಿಯಲ್ಲಿ ನಿಮ್ಮ ಹೆಸರು, ತಾರೀಖು ಬರೆದು ಇಂಜಿನ್ ನಡುವೆಯೇ ಇಟ್ಟು ತೆಗೆಯಿರಿ. ರಾಕರ್ ಕವರ್ ಮೇಲೆ ಇಟ್ಟರೆ ಚೀಟಿ ಬಿಟ್ಟು ಇಂಜಿನ್ ಕತ್ತರಿಸಲು ಆಗುವುದಿಲ್ಲ.

ಗದಗ ಮಾರ್ಕ್ 3

ಅಣ್ಣಾ, ಎರಡು ದಿನ ಕೂತು ಪೂರ್ತಿ ಓದಿದೆ. ನಮ್ಮ ದೊಡ್ಡಪ್ಪನ ಮಾರ್ಕ್ 3 ಇದೆ, 1976ರದು. ಹತ್ತು ವರ್ಷದಿಂದ ನಿಂತಿದೆ. ಗುಜರಿಗೆ ಕೊಡೋಣ ಅಂತ ಮನೆಯಲ್ಲಿ ಮಾತಾಗಿತ್ತು. ಫೋಟೊ 17 ತೋರಿಸಿ, ಆಮೇಲೆ 62 ತೋರಿಸಿದೆ. ದೊಡ್ಡಪ್ಪ ಒಂದು ವರ್ಷ ಟೈಮ್ ಕೊಟ್ಟಿದ್ದಾರೆ.

ಎರಡು ಸಂಶಯ. ಹಿಂದೆ, ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆ. ಸೀಲ್ ಬದಲಾಯಿಸಬೇಕಾ? ಇನ್ನೊಂದು, ಟ್ಯಾಪೆಟ್ ಸಂದು ಎಷ್ಟು ಇಡಬೇಕು, ಹೇಗೆ ಇಡಬೇಕು?

ಲೇತ್ ಮೇಷ್ಟ್ರು

ಮಗೂ, ಆ ಜಾಗದಲ್ಲಿ ರಬ್ಬರ್ ಸೀಲ್ ಇಲ್ಲವೇ ಇಲ್ಲ. ಕ್ರ್ಯಾಂಕಿನ ಮೇಲೆ ತಿರುಪಿನ ಹಾಗೆ ಗೆರೆ ಕೊರೆದಿರುತ್ತಾರೆ. ತಿರುಗುವಾಗ ಅದು ಎಣ್ಣೆಯನ್ನು ವಾಪಸ್ ಒಳಗೆ ತಳ್ಳುತ್ತದೆ. ನಿಲ್ಲಿಸಿದಾಗ ಎರಡು ಹನಿ ಬಿದ್ದರೆ ಅದು ಇಂಜಿನ್ನಿನ ಸ್ವಭಾವ. ಧಾರೆ ಬಂದರೆ ಮೇನ್ ಬೇರಿಂಗ್ ಸವೆದಿದೆ ಅಂತ ಅರ್ಥ. ಮೊದಲು ಪಕ್ಕದ ಟ್ಯಾಪೆಟ್ ಕವರ್‌ಗಳನ್ನು ನೋಡು. ಅಲ್ಲಿನ ಕಾರ್ಕ್ ಗ್ಯಾಸ್ಕೆಟ್ ಒಣಗಿ ಎಣ್ಣೆ ಹಿಂದಕ್ಕೆ ಹರಿದಿರಬಹುದು.

ಟ್ಯಾಪೆಟ್ 15 ಥೌ. ಇಡಲು ಒಂಬತ್ತರ ಲೆಕ್ಕ. ಮುಂದಿನಿಂದ ವಾಲ್ವಿಗೆ 1ರಿಂದ 8 ನಂಬರ್ ಕೊಡು. 8 ಪೂರ್ತಿ ಒತ್ತಿಕೊಂಡಿರುವಾಗ 1ನ್ನು ಸರಿಮಾಡು. 7 ಒತ್ತಿದ್ದಾಗ 2. 6 ಒತ್ತಿದ್ದಾಗ 3. ಯಾವಾಗಲೂ ಕೂಡಿದರೆ 9 ಬರಬೇಕು. ಹ್ಯಾಂಡಲ್ ಹಾಕಿ ನಿಧಾನ ತಿರುಗಿಸು, ಪ್ಲಗ್ ತೆಗೆದಿರಲಿ.

ಗದಗ ಮಾರ್ಕ್ 3

ಬರೆದುಕೊಂಡೆ ಸಾರ್. ತುಂಬಾ ಉಪಕಾರ. ನಾಳೆ ಭಾನುವಾರ ಮೊದಲ ಸ್ಪ್ಯಾನರ್ ಹಾಕುತ್ತೇನೆ. ಏನು ಮೊದಲು ಬಿಚ್ಚಲಿ?

ಅಡಿಕೆಕೊಟ್ಟಿಗೆ

ತಮ್ಮಾ, ನಾಳೆ ಏನೂ ಬಿಚ್ಚಬೇಡ. ಒಂದು ದಿನ ಪೂರ್ತಿ ಫೋಟೊ ತೆಗೆ. ಬ್ಯಾಟರಿಯಿಂದ ಹೊರಟ ಒಂದೊಂದು ವಯರ್ ಎಲ್ಲಿಗೆ ಹೋಗುತ್ತದೆ, ಪ್ಲಗ್ ವಯರ್ ನಾಲ್ಕು ಯಾವುದರಿಂದ ಯಾವುದಕ್ಕೆ. ಇದರ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಕ್ರಮ) 1-3-4-2. ಕ್ಯಾಪ್ ತೆಗೆದು ರೋಟರ್ ಯಾವ ಕಡೆ ನೋಡುತ್ತಿದೆ ಅಂತ ಮೇಲಿನಿಂದ ಒಂದು ಫೋಟೊ. ಡಿಸ್ಟ್ರಿಬ್ಯೂಟರ್ ಕೂತ ಜಾಗದಲ್ಲಿ ಬ್ಲಾಕಿಗೂ ಅದಕ್ಕೂ ಸೇರಿ ಒಂದು ಗೀರು ಎಳೆ, ಅದರದ್ದೂ ಒಂದು. ಪೆಟ್ರೋಲ್ ಪೈಪ್ ಯಾವ ಬೋಲ್ಟಿನ ಮೇಲಿಂದ ಹೋಗುತ್ತದೆ, ಯಾವುದರ ಕೆಳಗಿನಿಂದ, ಅದೂ ಇರಲಿ. ನಾನು ಆ ಒಂದು ಫೋಟೊ ಬಿಟ್ಟಿದ್ದಕ್ಕೆ ಕೊನೆಯಲ್ಲಿ ಮೂರು ದಿನ ಹೋಯಿತು.

ತೆಗೆದದ್ದನ್ನು ಸಂಜೆ ಇಲ್ಲಿ ಹಾಕು. ನಾವೆಲ್ಲ ನೋಡಿ, ಬಿಟ್ಟುಹೋದದ್ದು ಇದ್ದರೆ ಹೇಳುತ್ತೇವೆ. ಸೋಮವಾರ ಬಿಚ್ಚುವುದು.

ಗದಗ ಮಾರ್ಕ್ 3

ಆಯಿತು ಅಣ್ಣಾ. ಮೊದಲನೆಯದು ಈಗಲೇ ಹಾಕಿದ್ದೇನೆ. ಬಾನೆಟ್ ಎತ್ತಿದ್ದು ಅಷ್ಟೇ, ಧೂಳು ಕೂಡ ಒರೆಸಿಲ್ಲ. ದೊಡ್ಡಪ್ಪ ಪಕ್ಕದಲ್ಲಿ ನಿಂತು ತಮ್ಮ ಬಿಳಿ ಧೋತರ ಹಿಡಿದಿದ್ದಾರೆ.